ಜಟೆ ಕಟ್ಟುವ ಮೊದಲು ಬಿಡಿಸುವ ಮಾತೂ ಆಗಲಿ

ಮಾನ್ಯ ಸಂಪಾದಕರೇ,

ಉದ್ದ ಕೂದಲನ್ನು ಡ್ರೆಡ್‌ಲಾಕ್ಸ್ ಆಗಿ, ಅಂದರೆ ಜಟೆಯಾಗಿ ಕಟ್ಟಿಸಿಕೊಳ್ಳುವ ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಸೊಗಸಾಗಿದ್ದವು, ಕಟ್ಟುವ ವಿಧಾನಗಳ ವಿವರಣೆಯೂ ಸ್ಪಷ್ಟವಾಗಿತ್ತು. ಆದರೆ ಹೇಗೆ ಕಟ್ಟಿಸಿಕೊಳ್ಳಬೇಕು ಎಂಬುದಕ್ಕೆ ಸಿಕ್ಕಷ್ಟು ಜಾಗ, ಕಟ್ಟಿಸಿಕೊಳ್ಳಬೇಕೇ ಬೇಡವೇ ಎಂಬುದಕ್ಕೆ ಸಿಗಲಿಲ್ಲ. ಮುಂದೊಂದು ದಿನ ಬೇಡವೆನಿಸಿದರೆ ಏನು ಗತಿ ಎಂಬ ಪ್ರಶ್ನೆಯಂತೂ ಅಲ್ಲಿ ಏಳಲೇ ಇಲ್ಲ. ನನ್ನ ತಂಗಿ ಜಟೆ ಕಟ್ಟಿಸಿಕೊಂಡಾಗಲೂ, ಕೆಲವು ವರ್ಷಗಳ ನಂತರ ಅದನ್ನು ಬಿಡಿಸಿಕೊಂಡಾಗಲೂ ಅವಳ ಪಕ್ಕದಲ್ಲಿ ಕುಳಿತಿದ್ದವಳು ನಾನು. ಉದ್ದ ಕೂದಲಿರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ ಎಂದು ನನಗೆ ಅನ್ನಿಸಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಷ್ಟು, ಕೆಲವರಿಗೆ ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟ ಮುಟ್ಟುವ ಕೂದಲೆಂದರೆ 5–6 ವರ್ಷಗಳ ಬೆಳವಣಿಗೆ. ಭುಜದ ಮೇಲಿನವರೆಗೆ ಮಾತ್ರ ಕೂದಲಿರುವವರು ಜಟೆ ಕಟ್ಟಿಸಿಕೊಂಡು, ಒಗ್ಗಲಿಲ್ಲವೆಂದು ಕತ್ತರಿಸಿ ಹಾಕಿದರೆ ಒಂದೆರಡು ವರ್ಷಗಳಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು. ಉದ್ದ ಕೂದಲಿನವರಿಗೆ ಆ ಅನುಕೂಲವಿಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲು ಕಳೆದುಕೊಂಡವರ ವಿಗ್ಗಿಗಾಗಿ ಒಂದು ದಿನ ಕೊಡೋಣವೆಂದು ಕೂದಲು ಬೆಳೆಸುತ್ತಿರುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಅಂತಹ ಸಂಸ್ಥೆಗಳು ಸಾಮಾನ್ಯವಾಗಿ ಜಟೆಗಟ್ಟಿದ ಕೂದಲನ್ನು ಸ್ವೀಕರಿಸುವುದಿಲ್ಲ. ಕೊಡುವ ಮನಸ್ಸಿದ್ದರೆ ಕೊಟ್ಟು, ಉಳಿದ ಕೂದಲಿನಲ್ಲಿ ಜಟೆಯ ಯೋಚನೆ ಮಾಡುವುದು ಒಳಿತು.

ಕೂದಲು ಜಟೆಯಾಗುವ ಬಗೆಯನ್ನು ಅರಿತರೆ ನಿರ್ಧಾರ ಅರ್ಧ ಸುಲಭವಾಗುತ್ತದೆ. ಪ್ರತಿ ಎಳೆಯ ಹೊರಮೈಯಲ್ಲಿ, ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಮಲಗಿದ ಅತಿ ಸೂಕ್ಷ್ಮವಾದ ಪದರಗಳಿರುತ್ತವೆ. ಎಳೆಗಳನ್ನು ತುದಿಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಉಜ್ಜಿದಾಗ ಈ ಪದರಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಉಣ್ಣೆಯನ್ನು ಒದ್ದೆ ಮಾಡಿ ಬಡಿದು ಕಂಬಳಿಯಂತೆ ಗಟ್ಟಿಸುವಾಗ ಆಗುವುದೂ ಇದೇ. ಬಿಗಿಯಾದ ಗುಂಗುರು ಕೂದಲು ತಾನಾಗಿಯೇ ಸುತ್ತಿಕೊಂಡು, ಹೆಚ್ಚಿನ ಬಲವಂತವಿಲ್ಲದೆ ಜಟೆಗಟ್ಟುತ್ತದೆ. ನೇರವಾದ, ನುಣುಪಾದ, ಉದ್ದನೆಯ ಕೂದಲು ಜಾರುತ್ತದೆ. ಹಾಗಾಗಿ ಅದನ್ನು ಹಿಂದಕ್ಕೆ ಬಾಚಿ, ಹೆಣೆದು, ಕ್ರೋಶೆ ಕಡ್ಡಿಯಿಂದ ಒಳಗೆಳೆದು ಕಟ್ಟಬೇಕಾಗುತ್ತದೆ.

ನನ್ನ ತಂಗಿಗೆ ಕಟ್ಟಿದವರು ತಲೆಯನ್ನೆಲ್ಲ ಹೆಬ್ಬೆರಳಿನ ಅಗಲದ ಚೌಕಗಳಾಗಿ ಬೈತಲೆ ತೆಗೆದು ರಬ್ಬರು ಪಟ್ಟಿಗಳಿಂದ ವಿಂಗಡಿಸಿಕೊಂಡರು. ನಂತರ ಒಂದು ಗೊಂಚಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಒತ್ತಾಗಿರುವ ಉಕ್ಕಿನ ಬಾಚಣಿಗೆಯಿಂದ ಬುಡದ ಹತ್ತಿರಕ್ಕೆ ಕೂದಲನ್ನು ತಳ್ಳತೊಡಗಿದರು. ಹೀಗೆ ಬುಡದಲ್ಲಿ ಒಂದು ಗಂಟು ಸೇರಿದ ಮೇಲೆ ಅದರ ಕೆಳಗೆ ಮತ್ತೊಂದು, ಅದರ ಕೆಳಗೆ ಇನ್ನೊಂದು. ಗೊಂಚಲು ತುದಿ ಮುಟ್ಟುವಷ್ಟರಲ್ಲಿ ಮೊಳಕಾಲಿನ ಮೇಲೆ ಇಳಿಬಿದ್ದಿದ್ದ ಕೂದಲು ಮಡಿಲಿನ ಮಟ್ಟಕ್ಕೆ ಏರಿತ್ತು. ಆಮೇಲೆ ಸೂಜಿಯಷ್ಟು ಸಣ್ಣ ಕೊಕ್ಕೆಯನ್ನು ಜಟೆಯ ಮೈಗೆ ಚುಚ್ಚಿ, ಹೊರಗೆ ಇಣುಕುತ್ತಿದ್ದ ಎಳೆಗಳನ್ನು ಹಿಡಿದು ಒಳಕ್ಕೆ ಸೆಳೆಯುವ ಕೆಲಸ. ಆ ಕೊಕ್ಕೆ ಒಳಹೊಕ್ಕು ಹೊರಬರುವಾಗಲೆಲ್ಲ ಎಳೆಗಳು ತುಂಡಾಗುವ ಸಣ್ಣ ಸದ್ದು ಕೇಳುತ್ತಿತ್ತು. ಉದ್ದ ಕೂದಲಿನ ಇಡೀ ತಲೆಗೆ ಇದು ದಿನವಿಡೀ ಹಿಡಿಯುವ ಕೆಲಸ, ಕೆಲವೊಮ್ಮೆ ಎರಡನೆಯ ದಿನಕ್ಕೂ ಮುಂದುವರಿಯುತ್ತದೆ. ಎಷ್ಟು ಉದ್ದ ಕುಗ್ಗುತ್ತದೆ ಎಂಬುದು ಕೂದಲಿನ ಗುಣ ಮತ್ತು ಕಟ್ಟುವ ಬಿಗಿಯನ್ನು ಅವಲಂಬಿಸಿದ್ದರೂ, ಉದ್ದ ಹಾಗೆಯೇ ಉಳಿಯುತ್ತದೆ ಎಂದುಕೊಂಡು ಕುರ್ಚಿಯಲ್ಲಿ ಕೂರುವವರಿಗೆ ನಿರಾಸೆ ಖಚಿತ. ಉದ್ದವೇ ಮುಖ್ಯವಾದವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಅಂದು ಎದ್ದು ಬಂದಾಗ ಕಾಣುವುದು ಜಟೆಯ ಆರಂಭವಷ್ಟೇ. ಅದು ಒಳಗೆ ಗಟ್ಟಿಯಾಗಿ ಹದಕ್ಕೆ ಬರಲು ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಆ ಅವಧಿಯಲ್ಲಿ ಎಳೆಗಳು ಕೆದರುತ್ತವೆ, ಜಟೆಗಳು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಣಕಲಾಗುತ್ತವೆ, ಪಕ್ಕಪಕ್ಕದವು ಬುಡದಲ್ಲಿ ಕೂಡಿಕೊಳ್ಳಲು ನೋಡುತ್ತವೆ. ಬುಡದಲ್ಲಿ ಹೊಸದಾಗಿ ಬೆಳೆದ ಕೂದಲನ್ನು ಆಗಾಗ ಸೇರಿಸುತ್ತಿರಬೇಕು. ಪತ್ರಿಕೆಗಳಲ್ಲಿ ಬರುವ ಚಿತ್ರಗಳು ಹದಗೊಂಡ ಜಟೆಗಳವು. ನಡುವಿನ ಈ ವರ್ಷದ ಚಿತ್ರವನ್ನು ಯಾರೂ ಅಚ್ಚು ಹಾಕುವುದಿಲ್ಲ, ಹಾಕಬೇಕೆಂಬುದು ನನ್ನ ಅಪೇಕ್ಷೆ.

ತೊಳೆಯುವ ವಿಚಾರದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಲವಾಗಿ ಬೇರೂರಿವೆ. ಜಟೆಯನ್ನು ತೊಳೆಯಬಾರದು ಎಂಬುದು ಒಂದು, ಜಟೆಗಟ್ಟಲು ಮೇಣ ಹಚ್ಚಬೇಕು ಎಂಬುದು ಇನ್ನೊಂದು. ಎಣ್ಣೆಯ ಪಸೆ ಎಳೆಗಳನ್ನು ಜಾರಿಸುತ್ತದೆಯೇ ಹೊರತು ಕೂಡಿಸುವುದಿಲ್ಲ. ಆದ್ದರಿಂದ ಶುಚಿಯಾದ ಕೂದಲೇ ಚೆನ್ನಾಗಿ ಜಟೆಗಟ್ಟುತ್ತದೆ. ಜೇನುಮೇಣ ನೀರಿಗೆ ಕರಗದು. ಒಮ್ಮೆ ಒಳಹೊಕ್ಕರೆ ಧೂಳನ್ನೂ ಬಟ್ಟೆಯ ನೂಲಿನ ಚೂರುಗಳನ್ನೂ ಹಿಡಿದಿಟ್ಟುಕೊಂಡು ಅಲ್ಲೇ ನೆಲೆಸುತ್ತದೆ. ತೊಳೆಯುವುದಕ್ಕಿಂತ ದೊಡ್ಡ ಕೆಲಸ ಒಣಗಿಸುವುದು. ಬಿಡಿಗೂದಲಿಗೆ ತಾಗುವ ಗಾಳಿ ಜಟೆಯ ಒಳಗನ್ನು ತಲುಪುವುದಿಲ್ಲ. ದಪ್ಪ ಜಟೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ಹಾಗೆ ಮತ್ತೆ ಮತ್ತೆ ಹಸಿಯುಳಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಿಡಿದ ಮುಗ್ಗುಲು ವಾಸನೆಯನ್ನು ಹೋಗಲಾಡಿಸುವುದು ಬಹಳ ಕಷ್ಟ. ತಲೆ ತೊಳೆದ ದಿನ ಹಿಂಡಿ, ಟವೆಲ್ಲಿನಲ್ಲಿ ಒತ್ತಿ, ಬಿಸಿಲಿಗೋ ಬಿಸಿಗಾಳಿಗೋ ಒಡ್ಡಿ, ಪೂರ್ತಿ ಒಣಗುವವರೆಗೆ ಕಟ್ಟದೆ, ಮಲಗದೆ ಇರಲು ತಮ್ಮ ದಿನಚರಿಯಲ್ಲಿ ಬಿಡುವಿದೆಯೇ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಬೇಕು. ಬೆಳಗ್ಗೆ ಬೇಗ ಕೆಲಸಕ್ಕೆ ಹೊರಟು ರಾತ್ರಿ ಮರಳುವವರಿಗೆ, ದಿನವೂ ಈಜುವವರಿಗೆ, ಹೆಲ್ಮೆಟ್ ಧರಿಸಿ ದುಡಿಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರದಿದ್ದರೆ ಅದು ಸುರಕ್ಷತೆಯ ಪ್ರಶ್ನೆಯೂ ಹೌದು.

ಉದ್ದ ಕೂದಲಿನ ಜಟೆಗೆ ಭಾರವೂ ಉಂಟು, ಒದ್ದೆಯಾದಾಗ ಆ ಭಾರ ಇನ್ನಷ್ಟು ಹೆಚ್ಚುತ್ತದೆ. ಬುಡವನ್ನು ಬಿಗಿಯಾಗಿ ತಿರುಚಿ, ಮೇಲಿಂದ ಮೇಲೆ ಎತ್ತಿ ಕಟ್ಟುತ್ತಿದ್ದರೆ ಸದಾ ಎಳೆತಕ್ಕೊಳಗಾದ ಕೂದಲಿನ ಬೇರು ಸೋಲುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೊಪೇಶಿಯಾ ಎನ್ನುತ್ತಾರೆ. ಮೊದಲು ತೆಳುವಾಗುವುದು ಸಾಮಾನ್ಯವಾಗಿ ಹಣೆಯ ಅಂಚು ಮತ್ತು ಕಿವಿಯ ಮುಂದಿನ ಭಾಗ. ಆರಂಭದಲ್ಲೇ ಎಳೆತ ತಪ್ಪಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಅಲಕ್ಷಿಸಿದರೆ ಬೇರಿನ ಜಾಗದಲ್ಲಿ ಗಾಯದ ಕಲೆ ಉಳಿದು ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಕಟ್ಟಿಸಿಕೊಂಡ ರಾತ್ರಿ ತಲೆ ಇಡಲಾಗದಷ್ಟು ನೋವಿದ್ದರೆ, ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದರೆ, ಹೊಸತರಲ್ಲಿ ಹೀಗೆಯೇ ಎಂದು ಸಹಿಸಿಕೊಳ್ಳಬಾರದು, ಸಡಿಲಿಸಲು ಹೇಳಬೇಕು. ಆಗಲೇ ಕೂದಲು ತೆಳುವಾಗುತ್ತಿರುವವರು, ಹೊಟ್ಟು ಹೆಚ್ಚಾಗಿರುವವರು, ತಲೆಯಲ್ಲಿ ಸೋರಿಯಾಸಿಸ್ ಇರುವವರು ಚರ್ಮವೈದ್ಯರನ್ನು ಕಂಡ ಮೇಲಷ್ಟೇ ಮುಂದುವರಿಯುವುದು ಕ್ಷೇಮ. ಹಚ್ಚಬೇಕಾದ ಔಷಧ ತಲೆಯ ಚರ್ಮಕ್ಕೆ ತಲುಪುವುದೇ ಮುಂದೆ ತೊಡಕಾಗುತ್ತದೆ. ಹೇನಾದರೆ ಬಾಚಿ ತೆಗೆಯುವ ದಾರಿಯೂ ಇರುವುದಿಲ್ಲ.

ಇನ್ನು ಬಿಡಿಸುವ ಮಾತು. ಜಟೆಯನ್ನು ಬೋಳಿಸದೆ ಬೇರೆ ದಾರಿಯೇ ಇಲ್ಲ ಎಂದು ಕೆಲವರು ಹೇಳಿದರೆ, ಬೇಕೆಂದಾಗ ಬಿಡಿಸಿಕೊಳ್ಳಬಹುದು ಎಂದು ಕಟ್ಟುವವರಲ್ಲಿ ಕೆಲವರು ಭರವಸೆ ಕೊಡುತ್ತಾರೆ. ಎರಡೂ ಪೂರ್ಣ ಸತ್ಯವಲ್ಲ. ಬಿಡಿಸಬಹುದು, ಆದರೆ ಎಲ್ಲವನ್ನೂ ಅಲ್ಲ, ಬೇಗನೆಯೂ ಅಲ್ಲ. ನಾವು ಮೊದಲು ಜಟೆಗಳನ್ನು ಗೇಣಿಗಿಂತ ಕಡಿಮೆ ಉದ್ದಕ್ಕೆ ಕತ್ತರಿಸಿ, ಬಿಸಿನೀರಿನಲ್ಲಿ ನೆನೆಸಿ, ಕೈತುಂಬ ಕಂಡೀಷನರ್ ಸವರಿದೆವು. ಆಮೇಲೆ ಲೋಹದ ಬಾಚಣಿಗೆಯ ಚೂಪಾದ ಹಿಡಿಯನ್ನು ಒಂದು ಜಟೆಯ ತುದಿಗೆ ಚುಚ್ಚಿ ಕೆಲವೇ ಎಳೆಗಳನ್ನು ಹೊರಗೆ ಮೀಟಿದೆವು. ಎಳೆದರೆ ಹರಿಯುತ್ತದೆ, ಮೀಟಿ, ಸಡಿಲಿಸಿ, ಮತ್ತೆ ಕಂಡೀಷನರ್ ಹಚ್ಚಿ ಮತ್ತೆ ಮೀಟಬೇಕು. ಬೆರಳಗಲದಷ್ಟು ಭಾಗ ಬಿಡುವ ಹೊತ್ತಿಗೆ ಬೆರಳ ತುದಿ ಉರಿಯತೊಡಗಿತ್ತು. ಜಟೆಯ ನಡುಭಾಗದಲ್ಲಿ ಬೂದುಬಣ್ಣದ ನೂಲಿನಂಥ ಕೊಳೆಯ ಎಳೆಯೊಂದು ಸಿಕ್ಕಿತು, ಅದನ್ನು ಬಾಚಣಿಗೆಯ ಹಲ್ಲಿನಿಂದ ಸ್ವಲ್ಪ ಸ್ವಲ್ಪವಾಗಿ ಕೆರೆದು ತೆಗೆಯಬೇಕಾಯಿತು. ಒಂದು ಜಟೆ ಮುಗಿದಾಗ ಅಂಗೈಯಲ್ಲಿ ಉಳಿದದ್ದು ಒಂದು ಮುಷ್ಟಿ ಸತ್ತ ಕೂದಲು. ಅದನ್ನು ಕಂಡು ತಂಗಿ ಅಳತೊಡಗಿದಳು. ಅಳುವ ಕಾರಣವಿರಲಿಲ್ಲ. ಪ್ರತಿಯೊಬ್ಬರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಸಹಜವಾಗಿ ಉದುರುತ್ತದೆ. ಬಾಚಿದಾಗ ಬಾಚಣಿಗೆಗೆ ಬರುವ ಆ ಕೂದಲು ಜಟೆಯಲ್ಲಿ ಹೊರಗೆ ಬೀಳದೆ ಒಳಗೇ ಉಳಿದು ಜಟೆಯನ್ನು ದಪ್ಪವಾಗಿಸಿರುತ್ತದೆ. ವರ್ಷಗಳ ಉದುರು ಒಂದೇ ದಿನ ಕೈಗೆ ಬಂದಿತ್ತು, ಅಷ್ಟೇ. ಈ ಒಂದು ಮಾತನ್ನು ಕಟ್ಟುವ ದಿನವೇ ಯಾರಾದರೂ ಅವಳಿಗೆ ಹೇಳಿದ್ದರೆ ಆ ಕಣ್ಣೀರು ಬರುತ್ತಿರಲಿಲ್ಲ. ಉಳಿದ ಜಟೆಗಳಿಗೆ ದಿನಗಟ್ಟಲೆ ಹಿಡಿಯಿತು. ಕೊನೆಗೆ ಉಳಿದ ಕೂದಲು ಕುತ್ತಿಗೆಯನ್ನೂ ಮುಟ್ಟುತ್ತಿರಲಿಲ್ಲ.

ಜಟೆಯನ್ನು ನಂಬಿಕೆಯಿಂದ ಧರಿಸುವವರೂ ಇದ್ದಾರೆ. ಅವರ ವಿಷಯದಲ್ಲಿ ಈ ಅನುಕೂಲ ಅನನುಕೂಲಗಳ ಲೆಕ್ಕ ಅಷ್ಟಾಗಿ ಸಲ್ಲುವುದಿಲ್ಲ. 1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದಲ್ಲಿ ಜಟೆ ಧರ್ಮದ ಭಾಗವಾಗಿ ಬೆಳೆಯಿತು. 1963ರಲ್ಲಿ ಅಲ್ಲಿನ ಕೋರಲ್ ಗಾರ್ಡನ್ಸ್ ಎಂಬಲ್ಲಿ ಕೆಲವು ರಾಸ್ತಫಾರಿಗಳಿಗೂ ಪೊಲೀಸರಿಗೂ ನಡೆದ ಘರ್ಷಣೆಯ ನಂತರ ಪೊಲೀಸರು ರಾಸ್ತಫಾರಿಗಳನ್ನು ಹಿಡಿದು ಹಿಂಸಿಸಿದರು, ಬಲವಂತವಾಗಿ ಅವರ ಜಟೆ ಕತ್ತರಿಸಿದರು. ಅದಕ್ಕೆ ಸರ್ಕಾರ ಕ್ಷಮೆ ಕೋರಿದ್ದು 2017ರಲ್ಲಿ. ಅಮೆರಿಕದ ಸೇನೆ ಮಹಿಳಾ ಸಿಬ್ಬಂದಿಗೆ ಜಟೆಯ ಅವಕಾಶ ಕೊಟ್ಟದ್ದೂ ಅದೇ 2017ರಲ್ಲಿ. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕಪ್ಪು ಜನರ ಸಹಜ ಕೂದಲು ಮತ್ತು ಜಟೆಯಂತಹ ಕೇಶವಿನ್ಯಾಸಗಳ ಕಾರಣಕ್ಕೆ ಶಾಲೆ ಹಾಗೂ ಉದ್ಯೋಗದಲ್ಲಿ ಭೇದಭಾವ ಮಾಡುವುದನ್ನು ಕಾನೂನಿನ ಮೂಲಕ ನಿಷೇಧಿಸಿತು. ಅದೇ ವರ್ಷ ಕೆನ್ಯಾದ ಹೈಕೋರ್ಟ್, ಜಟೆಯ ಕಾರಣಕ್ಕೆ ಶಾಲೆಯಿಂದ ಹೊರಗುಳಿದಿದ್ದ ರಾಸ್ತಫಾರಿ ಬಾಲಕಿಯ ಪರವಾಗಿ ತೀರ್ಪು ನೀಡಿತು. ಇಷ್ಟೆಲ್ಲ ನೋವು ಉಂಡು ಉಳಿಸಿಕೊಂಡ ಗುರುತನ್ನು ಚೆಲುವಿಗಾಗಿ ಧರಿಸುವವರು ಅದರ ಹಿನ್ನೆಲೆಯನ್ನು ತಿಳಿದಿರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಧರಿಸಲೇಬಾರದು ಎಂದು ನಾನು ಹೇಳಲಾರೆ. ಬೇರೆ ಬೇರೆ ನಾಡುಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಮನುಷ್ಯರು ಜಟೆ ಬಿಟ್ಟಿದ್ದಾರೆ. ಆದರೆ ಯಾರಾದರೂ ಕೇಳಿದಾಗ ಸುಮ್ಮನೆ ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಉತ್ತರಿಸುವುದು ಆ ಇತಿಹಾಸಕ್ಕೆ ತಕ್ಕುದಲ್ಲ.

ಸಂಸ್ಥೆಗಳ ಮುಖ್ಯಸ್ಥರಿಗೂ ಒಂದು ವಿನಂತಿಯಿದೆ. ಕೂದಲು ಶುಚಿಯಾಗಿದೆಯೇ, ಯಂತ್ರದ ಬಳಿ ಕಟ್ಟಿಕೊಳ್ಳಲಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಆ ಪ್ರಶ್ನೆಗಳನ್ನು ಬಿಡಿಗೂದಲಿನವರಿಗೂ ಕೇಳಿ. ಜಟೆ ಎಂದ ಮಾತ್ರಕ್ಕೆ ಕೊಳಕು ಎಂದು ತೀರ್ಮಾನಿಸುವುದು ಅನ್ಯಾಯ. ಆದರೂ ನಿರ್ಧರಿಸುವವರು ತಮ್ಮ ಕೆಲಸದ ಜಾಗದ ನಿಯಮವನ್ನು ಮೊದಲೇ ಓದಿಕೊಳ್ಳಲಿ. ನಿಯಮ ತಪ್ಪಾಗಿರಬಹುದು, ಆದರೆ ಅದರ ವಿರುದ್ಧ ಹೋರಾಡುವ ಇಚ್ಛೆ ತಮಗಿದೆಯೇ ಎಂಬುದು ಜಟೆ ಕಟ್ಟಿಸಿಕೊಳ್ಳುವ ಮೊದಲೇ ತಿಳಿದಿರಬೇಕು.

ಜಟೆ ಕಟ್ಟುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಬೈತಲೆ ತೆಗೆಯುವ ಮುನ್ನವೇ ಎಷ್ಟು ಉದ್ದ ಕುಗ್ಗಬಹುದು, ಹದಕ್ಕೆ ಬರಲು ಎಷ್ಟು ಕಾಲ ಬೇಕು, ಒಣಗಿಸುವುದು ಹೇಗೆ, ಬೇಡವಾದರೆ ಎಷ್ಟು ಕೂದಲು ಉಳಿದೀತು ಎಂಬುದನ್ನು ಎದುರು ಕುಳಿತವರಿಗೆ ಬಿಡಿಸಿ ಹೇಳಿ. ಎಲ್ಲವನ್ನೂ ಕೇಳಿದ ಮೇಲೂ ಕಟ್ಟಿಸಿಕೊಳ್ಳುತ್ತೇನೆ ಎನ್ನುವವರನ್ನು ಯಾರೂ ತಡೆಯಬೇಕಿಲ್ಲ. ಅವರ ತಲೆ, ಅವರ ಕೂದಲು. ನನ್ನ ತಂಗಿಯೂ ಆ ಕೆಲವು ವರ್ಷಗಳನ್ನು ಸಂತೋಷದಿಂದಲೇ ನೆನೆಯುತ್ತಾಳೆ.

ಇನ್ನೂ ಮನಸ್ಸು ಡೋಲಾಯಮಾನವಾಗಿರುವವರಿಗೆ ಎರಡು ದಾರಿಗಳಿವೆ. ಸ್ವಂತ ಕೂದಲನ್ನು ಸಣ್ಣ ಜಡೆಗಳಾಗಿ ಹೆಣೆದು ಅದಕ್ಕೆ ಜೋಡಿಸುವ ಕೃತಕ ಜಟೆಗಳು ದೊರೆಯುತ್ತವೆ. ಕೆಲವು ವಾರ ಅವುಗಳ ಭಾರ, ನಿದ್ದೆಯ ಭಂಗಿ, ಜನರ ನೋಟ ಎಲ್ಲವನ್ನೂ ಅನುಭವಿಸಿ ತೆಗೆದುಬಿಡಬಹುದು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಎರಡನೆಯದು: ಕುತ್ತಿಗೆಯ ಮೇಲ್ಭಾಗದಲ್ಲಿ, ಉಳಿದ ಕೂದಲಿನ ಅಡಿಯಲ್ಲಿ, ಒಂದೇ ಒಂದು ಜಟೆಯನ್ನು ಕಟ್ಟಿಸಿಕೊಂಡು ಮೂರ್ನಾಲ್ಕು ತಿಂಗಳು ತೊಳೆದು, ಒಣಗಿಸಿ, ಅದರೊಂದಿಗೆ ಬಾಳಿ ನೋಡುವುದು. ಒಗ್ಗಿದರೆ ಉಳಿದವನ್ನೂ ಕಟ್ಟಿಸಬಹುದು. ಒಗ್ಗದಿದ್ದರೆ ಆ ಒಂದನ್ನು ಬುಡದಲ್ಲಿ ಕತ್ತರಿಸಿದರೂ ಮೇಲಿನ ಉದ್ದ ಕೂದಲು ಆ ಜಾಗವನ್ನು ಮುಚ್ಚುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು