ಬಾಗಿಲು ಹಾಕಿಕೊಂಡ ರಾತ್ರಿಯ ಕುರಿತು

ಪೆರ್ಲ, ಕಾಸರಗೋಡು
18 ಏಪ್ರಿಲ್ 2025

ಚಿರಂಜೀವಿ ಶ್ರೀಹರಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಗೆಳೆಯ ತಂದುಕೊಟ್ಟ ಪತ್ರವನ್ನು ವಿಷುವಿನ ಹಿಂದಿನ ಸಂಜೆ ಓದಿದೆ. ಮರುದಿನ ಬೆಳಗ್ಗೆ ಕಣಿಯ ಮುಂದೆ ಕುಳಿತಾಗಲೂ ನನ್ನ ಕಣ್ಣೆದುರಿಗೆ ಇದ್ದದ್ದು ಅದರ ಕೊನೆಯ ಪುಟದ ಅಡಿಯಲ್ಲಿ ನೀನು ಸಣ್ಣ ಅಕ್ಷರದಲ್ಲಿ ಬರೆದಿದ್ದ ಸಾಲು: 'ಆ ರಾತ್ರಿ ಊರಿಗೆ ಊರೇ ಹೊರಗೆ ಓಡಿದಾಗ ನಾನು ಬಾಗಿಲು ಹಾಕಿಕೊಂಡು ಕುಳಿತೆ ದೊಡ್ಡಮ್ಮ, ನಾಳೆ ನಮ್ಮ ನಾಡಿನಲ್ಲೇ ಹೀಗಾದರೂ ನಾನು ಹೀಗೆ ಕುಳಿತುಕೊಳ್ಳುವವನೇ ಇರಬೇಕೆಂದು ಹೆದರಿಕೆಯಾಗುತ್ತದೆ.' ಮನೆಯ ಸುದ್ದಿಯನ್ನೆಲ್ಲ ಅಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ನಾನು ಬರೆಯುತ್ತಿರುವುದು ಈ ಸಾಲಿಗಾಗಿ ಮಾತ್ರ.

ಮೊದಲಿಗೆ ಒಂದು ವಿಷಯವನ್ನು ನೆನಪಿಸಬೇಕು. ಕಳೆದ ಡಿಸೆಂಬರ್ 3ರಂದು ನೀನಿರುವ ದಕ್ಷಿಣ ಕೊರಿಯಾದಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಕಾಣಿಸಿಕೊಂಡು ಸೇನಾಡಳಿತ ಘೋಷಿಸಿದಾಗ ನಿಮಗೆ ರಾತ್ರಿ ಹತ್ತೂವರೆಯ ಸಮಯ. ನಮಗಿಲ್ಲಿ ಏಳಾಗುತ್ತಿತ್ತು, ನಾನು ದೀಪ ಹಚ್ಚಿ ಭಜನೆ ಮುಗಿಸಿ ಏಳುವುದರಲ್ಲಿದ್ದೆ. ಸುದ್ದಿ ನೋಡಿದ ನಿನ್ನ ಅಮ್ಮ ನಡುಗುವ ಕೈಯಲ್ಲಿ ಫೋನನ್ನು ನನಗೇ ಕೊಟ್ಟಳು. ನೀನು 'ಏನೂ ಆಗಿಲ್ಲ, ಕೋಣೆಯಲ್ಲಿದ್ದೇನೆ' ಎಂದಾಗ, 'ಹೊರಗೆ ಕಾಲಿಡಬೇಡ, ಬಾಗಿಲು ಭದ್ರ ಮಾಡಿಕೋ' ಎಂದು ಗಟ್ಟಿಯಾಗಿ ಹೇಳಿದವಳು ನಾನು. ನೀನು ಪತ್ರದಲ್ಲಿ ಅದನ್ನು ಬರೆದಿಲ್ಲ. ಬರೆಯದೆ ಬಿಟ್ಟದ್ದು ನನ್ನ ಮೇಲಿನ ಗೌರವದಿಂದ ಎಂದು ನನಗೆ ಗೊತ್ತು, ಆದರೆ ನಿನ್ನ ಬಾಗಿಲಿನ ಚಿಲಕದಲ್ಲಿ ನನ್ನ ಕೈಯೂ ಇತ್ತು.

ಆ ರಾತ್ರಿ ನಡೆದದ್ದನ್ನು ನಾನು ಆಮೇಲೆ ಸಿಕ್ಕಸಿಕ್ಕಲ್ಲಿ ಓದಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳಿಗೆ ಅದು ಬೇರೆಯವರ ಮನೆಯ ಸುದ್ದಿಯಾಗಿ ಉಳಿಯಲಿಲ್ಲ. ನಿಮ್ಮಲ್ಲಿನ ಸಂವಿಧಾನದ 77ನೇ ವಿಧಿಯ ಪ್ರಕಾರ ಒಟ್ಟು ಸದಸ್ಯರ ಬಹುಮತದಿಂದ ಸಂಸತ್ತು ಕೇಳಿದರೆ ಅಧ್ಯಕ್ಷರು ಸೇನಾಡಳಿತವನ್ನು ಹಿಂತೆಗೆದುಕೊಳ್ಳಲೇಬೇಕು. 300 ಸದಸ್ಯರಲ್ಲಿ 151 ಮಂದಿ ಒಳಗೆ ತಲುಪಿದರೆ ಸಾಕು. ತಲುಪದಿದ್ದರೆ ಎಲ್ಲವೂ ಮುಗಿಯಿತು. ಅದಕ್ಕಾಗಿಯೇ ಪೊಲೀಸರು ಗೇಟುಗಳಿಗೆ ಅಡ್ಡ ನಿಂತದ್ದು, ಹೆಲಿಕಾಪ್ಟರಿನಲ್ಲಿ ಬಂದಿಳಿದ ಸೈನಿಕರು ಸಂಸತ್ ಭವನದ ಕಿಟಕಿ ಒಡೆದದ್ದು. 67 ವರ್ಷದ ಸ್ಪೀಕರ್ ವೂ ವನ್ ಶಿಕ್ ಬೇಲಿ ಹತ್ತಿ ಒಳಗಿಳಿದರು. ಒಳಗಿದ್ದ ಸಿಬ್ಬಂದಿ ಮೇಜು ಕುರ್ಚಿಗಳನ್ನು ಬಾಗಿಲಿಗೆ ಒಟ್ಟಿ, ಬೆಂಕಿ ಆರಿಸುವ ಉಪಕರಣದ ಪುಡಿ ಹಾರಿಸಿ ಸೈನಿಕರನ್ನು ತಡೆದರು. ಹೊರಗೆ ಚಳಿಯಲ್ಲಿ ಸೇರಿದ ಜನ ಸೇನೆಯ ವಾಹನಗಳ ಮುಂದೆ ನಿಂತು, ಕೈಗೆ ಕೈ ಬೆಸೆದು, ಒಂದೊಂದು ನಿಮಿಷವನ್ನೂ ಹಿಡಿದು ನಿಲ್ಲಿಸಿದರು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಒಳಗೆ ತಲುಪಿದ್ದ 190 ಮಂದಿಯೂ ಸೇನಾಡಳಿತದ ವಿರುದ್ಧ ಮತ ಹಾಕಿದರು. ಬೆಳಗಿನ ಜಾವ ನಾಲ್ಕೂವರೆಗೆ ಅದು ರದ್ದಾಯಿತು. ಒಂದು ಜೀವವೂ ಹೋಗಲಿಲ್ಲ. ಈ ತಿಂಗಳ 4ರಂದು ಅಲ್ಲಿನ ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಾಧೀಶರು ಒಮ್ಮತದಿಂದ ಯೂನ್ ಅವರನ್ನು ಅಧಿಕಾರದಿಂದ ಇಳಿಸಿದಾಗ, ಸಂಸತ್ತು ಅಷ್ಟು ಬೇಗ ತೀರ್ಮಾನ ಮಾಡಲು ಸಾಧ್ಯವಾದದ್ದು ನಾಗರಿಕರ ಪ್ರತಿರೋಧದಿಂದ ಮತ್ತು ಸೈನಿಕರು, ಪೊಲೀಸರು ಮನಸ್ಸಿಟ್ಟು ಕೆಲಸ ಮಾಡದೆ ಇದ್ದುದರಿಂದ ಎಂದು ತೀರ್ಪಿನಲ್ಲಿಯೇ ಹೇಳಿದರು. ಘೋಷಣೆಯಾದ 122ನೇ ದಿನ ಬಂದ ಆ ಮಾತನ್ನು ಓದಿಯೇ ನೀನು ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಬರೆದೆ ಎಂದು ನನಗನಿಸುತ್ತದೆ. ಆ ನಾಗರಿಕರಲ್ಲಿ ನೀನಿರಲಿಲ್ಲ ಎಂಬುದು ನಿನ್ನನ್ನು ಚುಚ್ಚುತ್ತಿದೆ.

ಆದರೆ 'ಊರಿಗೆ ಊರೇ' ಎಂದು ಬರೆದೆಯಲ್ಲ, ಅದು ಹಾಗಿರಲಿಲ್ಲ ಮಗೂ. ಲಕ್ಷಗಟ್ಟಲೆ ಜನ ದೀಪ ಹಿಡಿದು ಬೀದಿಗಿಳಿದದ್ದು ಆಮೇಲಿನ ದಿನಗಳಲ್ಲಿ. ಆ ಮೊದಲ ಗಂಟೆಗಳಲ್ಲಿ ಸಂಸತ್ ಭವನವಿರುವ ಯೊಯಿದೊ ದ್ವೀಪಕ್ಕೆ ಓಡಿದವರು ಸಿಯೋಲ್ ಮಹಾನಗರದ ಒಂದು ಸಣ್ಣ ಪಾಲು. ಉಳಿದವರಲ್ಲಿ ಎಷ್ಟೋ ಮಂದಿ ಟಿವಿಯಲ್ಲಿ ಕಂಡದ್ದು ಕೃತಕವಾಗಿ ಸೃಷ್ಟಿಸಿದ ಸುಳ್ಳು ವಿಡಿಯೋ ಇರಬೇಕೆಂದು ಮೊದಲು ನಂಬಲೇ ಇಲ್ಲ. ಕೆಲವರು ನಿದ್ದೆ ಹೋಗಿ ಬೆಳಗ್ಗೆ ಎದ್ದು ತಿಳಿದುಕೊಂಡರು. ಅದು ಸರಿಯೆಂದವರೂ ಇದ್ದರು. ನೀನು ಕೆಳಗಿನ ಅಂಗಡಿಗೆ ಇಳಿದು ಹತ್ತು ನೂಡಲ್ಸ್ ಕಟ್ಟು, ಎರಡು ದೊಡ್ಡ ಬಾಟಲಿ ನೀರು ಕೊಂಡದ್ದನ್ನು ದೊಡ್ಡ ಅಪರಾಧದಂತೆ ಬರೆದಿದ್ದೀಯಲ್ಲ, ಅದನ್ನೇ ಕೊಂಡವರು ಆ ರಾತ್ರಿ ಬಹಳ ಮಂದಿ. 2016ರ ಜುಲೈ 15ರಂದು ತುರ್ಕಿಯಲ್ಲಿ ಸೇನೆಯ ಒಂದು ಪಾಲು ದಂಗೆಯೆದ್ದಾಗಲೂ ಹೀಗೆಯೇ. ಬಾಸ್ಫರಸ್ ಸೇತುವೆಯ ಮೇಲೆ ಟ್ಯಾಂಕುಗಳಿಗೆ ಎದೆಕೊಟ್ಟವರು ಇದ್ದ ಊರಿನಲ್ಲೇ ಎಟಿಎಂಗಳ ಮುಂದೆ ಉದ್ದದ ಸಾಲುಗಳಿದ್ದವು. ಅಲ್ಲಿ ಸುಮಾರು 250 ಜೀವಗಳು ಹೋದವು. ಆ ಸಾಲಿನಲ್ಲಿ ನಿಂತವರೆಲ್ಲ ಹೇಡಿಗಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದವರು, ಮುದುಕರಿದ್ದವರು ಇದ್ದಿರಲೇಬೇಕು.

ನಿನ್ನ ಮನೆಯೊಡತಿಯ ಕುರಿತು ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಗ್ವಾಂಗ್ಜುವಿನಲ್ಲಿ ಹುಟ್ಟಿದವರು, ಅರುವತ್ತು ದಾಟಿದವರು, ಹತ್ತಿಯ ದಪ್ಪ ಅಂಗಿ ತೊಟ್ಟು, ಮೊಣಕಾಲಿಗೆ ಪಟ್ಟಿ ಬಿಗಿದು, ಹೊರಡುವಾಗ ನಿನ್ನ ಬಾಗಿಲು ತಟ್ಟಿ 'ನೀನು ಒಳಗಿರು, ಬೀಗ ಹಾಕಿಕೋ' ಎಂದು ಸನ್ನೆ ಮಾಡಿ ಹೋದರಲ್ಲ, ಅವರನ್ನು ನಿನ್ನ ಪಕ್ಕ ನಿಲ್ಲಿಸಿ ಅಳೆಯಬೇಡ. 1980ರ ಮೇ 18ರಿಂದ ಗ್ವಾಂಗ್ಜುವಿನಲ್ಲಿ ಸೇನೆ ತನ್ನದೇ ಜನರನ್ನು ಕೊಂದಾಗ ಅವರಿಗೆ ಹದಿನೇಳೋ ಹದಿನೆಂಟೋ ಇದ್ದಿರಬೇಕು. ಅಲ್ಲಿನ ಮಾರುಕಟ್ಟೆಯ ಹೆಂಗಸರು ಅನ್ನದ ಉಂಡೆ ಕಟ್ಟಿ ಹೋರಾಟಗಾರರಿಗೆ ಹಂಚಿದರಂತೆ, ಗಾಯಾಳುಗಳಿಗೆ ರಕ್ತ ಕೊಡಲು ಜನ ಸಾಲುಗಟ್ಟಿದರಂತೆ. ಸೇನಾಡಳಿತವೆಂಬ ಪದ ಕಿವಿಗೆ ಬಿದ್ದ ಕೂಡಲೇ ಆಕೆಯ ಕಾಲುಗಳು ತಾವಾಗಿಯೇ ಎದ್ದು ನಡೆದದ್ದು ನಲುವತ್ತನಾಲ್ಕು ವರ್ಷಗಳ ನೆನಪಿನಿಂದ. ನಿನಗೆ ಆ ನೆನಪು ಎಲ್ಲಿಂದ ಬರಬೇಕು? ಆ ದೇಶದಲ್ಲಿ ನೀನು ಓದಲು ಹೋದವನು. ವಿದೇಶಿಯರು ರಾಜಕೀಯ ಚಟುವಟಿಕೆಯಲ್ಲಿ ತೊಡಗಬಾರದೆಂದು ಅಲ್ಲಿನ ವಲಸೆ ಕಾನೂನಿನಲ್ಲಿಯೇ ಇದೆ. ಆ ರಾತ್ರಿಯ ಆದೇಶದಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಮಾತೂ ಇತ್ತು.

ಕಾನೂನಿನ ಮಾತು ಹೇಳಿದರೆ ನಿನಗೆ ಸಮಾಧಾನವಾಗುವುದಿಲ್ಲವೆಂದೂ ಗೊತ್ತು. ನೀನು ಕೇಳಿದ್ದು ನಮ್ಮ ನಾಡಿನ ಕುರಿತು. ಅದಕ್ಕೆ ಉತ್ತರವಾಗಿ ನಾನು ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಬರೆಯಬೇಕಾಗಿದೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ.

ನಮ್ಮಲ್ಲಿ ಸೇನೆ ಬೀದಿಗಿಳಿದು ಆಡಳಿತ ಹಿಡಿದದ್ದಿಲ್ಲ. ಆದರೆ 1975ರ ಜೂನ್ 26ರ ಬೆಳಗ್ಗೆ ತುರ್ತು ಪರಿಸ್ಥಿತಿಯ ಘೋಷಣೆಯನ್ನು ರೇಡಿಯೋದಲ್ಲಿ ಕೇಳಿದ ಮೇಲೆ ಇಪ್ಪತ್ತೊಂದು ತಿಂಗಳು ನಾವೂ ಮಾತನ್ನು ನುಂಗಿಕೊಂಡು ಬದುಕಿದೆವು. ಮರುವರ್ಷದ ಮಾರ್ಚ್ 1ರಂದು ಕೋಝಿಕ್ಕೋಡಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್ ಅವರನ್ನು ಪೊಲೀಸರು ಹಿಡಿದೊಯ್ದರು. ಅವರ ಶವ ಕೂಡ ಸಿಗಲಿಲ್ಲ. ತಂದೆ ಈಚ್ಚರ ವಾರಿಯರ್ ಮಗನನ್ನು ಹುಡುಕುತ್ತ ಅಲೆದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದು 1977ರಲ್ಲಿ, ಎಲ್ಲ ಮುಗಿದ ಮೇಲೆ. ರಾಜನ್ ಅವರನ್ನು ಹಿಡಿದೊಯ್ದಾಗ ನನಗೆ ಇಪ್ಪತ್ತಮೂರು. ಕೆಲಸ ಸಿಕ್ಕಿ ಎರಡು ವರ್ಷ ತುಂಬಿರಲಿಲ್ಲ.

1976ರ ಆಟಿ ತಿಂಗಳ ಒಂದು ರಾತ್ರಿ, ಟ್ರೈನಿಂಗ್ ಶಾಲೆಯಲ್ಲಿ ನನ್ನೊಂದಿಗೆ ಓದಿದವನೊಬ್ಬ ತೋಟದ ಕಡೆಯಿಂದ ಬಂದು ಜಗಲಿಯ ಕೆಳಗೆ ನಿಂತ. ಕೊಡೆ ಇರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಟ್ಟೊಂದನ್ನು ಮಗುವನ್ನು ಹಿಡಿದಂತೆ ಎದೆಗೆ ಒತ್ತಿಕೊಂಡಿದ್ದ. ಅದರಲ್ಲಿದ್ದದ್ದು ಪತ್ರಿಕೆಗಳು ಅಚ್ಚು ಹಾಕಲಾಗದ ಸುದ್ದಿಗಳನ್ನು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ಒಂದು ವಾರ ಇಟ್ಟುಕೊಳ್ಳಬೇಕೆಂದು ಕೇಳಿದ. ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಕೊರೆದು, ಬತ್ತಿದ ಮೇಲೆ ಬಿಟ್ಟುಹೋದ ಹಳೆಯ ಸುರಂಗ ನಿನಗೆ ನೆನಪಿದೆಯಲ್ಲ, ಚಿಕ್ಕಂದಿನಲ್ಲಿ ನೀವೆಲ್ಲ ಬಾವಲಿ ನೋಡಲು ಹೋಗುತ್ತಿದ್ದದ್ದು? ಅದರೊಳಗೆ ಇಟ್ಟಿದ್ದರೆ ಒಂದು ವಾರವಲ್ಲ, ಒಂದು ವರ್ಷವಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನಗೆ ಆ ಕ್ಷಣದಲ್ಲಿಯೇ ಹೊಳೆದಿತ್ತು. ಆದರೂ ನಾನು 'ಅಪ್ಪ ಮಲಗಿದ್ದಾರೆ, ಈಗ ಆಗುವುದಿಲ್ಲ' ಎಂದೆ. ಅಪ್ಪ ಮಲಗಿರಲಿಲ್ಲ, ಒಳಗೆ ಅವರು ಎಲೆಗೆ ಸುಣ್ಣ ಹಚ್ಚುತ್ತ ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತು. ಅವನು ಏನೂ ಹೇಳಲಿಲ್ಲ. ಮಾಡಿನ ನೀರು ಅವನ ಹೆಗಲ ಮೇಲೆ ಬೀಳುತ್ತಿತ್ತು. ಅಡಕೆ ಮರದ ಸಂಕ ದಾಟಿ ಹೋಗಲು ಒಂದು ಲಾಟೀನನ್ನಾದರೂ ನಾನು ಕೊಡಲಿಲ್ಲ. ಚಿಲಕ ಹಾಕಿ, ಅವನ ಹೆಜ್ಜೆಯ ಸದ್ದು ತೋಡಿನ ಸದ್ದಿನಲ್ಲಿ ಸೇರಿಹೋಗುವ ತನಕ ಬಾಗಿಲ ಹಿಂದೆ ನಿಂತಿದ್ದೆ.

ಕೆಲವು ವಾರಗಳಲ್ಲಿ ಅವನನ್ನು ಹಿಡಿದರು. ಆ ಕಟ್ಟು ಕೈಯಲ್ಲಿದ್ದಾಗಲೇ ಸಿಕ್ಕಿಬಿದ್ದನೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಬಿಡುಗಡೆಯಾಗಿ ಬಂದ. ಇಪ್ಪತ್ತು ವರ್ಷಗಳ ಬಳಿಕ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಎದುರಿಗೇ ಕುಳಿತಿದ್ದ, 'ನಿಮ್ಮ ತಂದೆಯವರು ಆರೋಗ್ಯವೇ?' ಎಂದು ಕೇಳಿದ. ಅಪ್ಪ ತೀರಿಕೊಂಡು ಆಗಲೇ ಎಂಟು ವರ್ಷ. ಅಷ್ಟನ್ನೇ ಹೇಳಿದೆ. ಹೇಳಬೇಕಾದ ಇನ್ನೊಂದು ಮಾತು ಗಂಟಲಲ್ಲಿಯೇ ಉಳಿಯಿತು. ಈಗ ಅವನೂ ಇಲ್ಲ.

ನಾನು ಹೆದರಿದ್ದಕ್ಕಾಗಿ ಇಷ್ಟು ವರ್ಷ ನೊಂದುಕೊಂಡಿಲ್ಲ ಮಗೂ. ಆ ಕಾಲದಲ್ಲಿ ಹೆದರದವರು ಕಡಿಮೆ. ಮರುದಿನದಿಂದಲೇ ಆ ಹೆದರಿಕೆಗೆ ನಾನು ಬೇರೆ ಬೇರೆ ಹೆಸರಿಟ್ಟೆನಲ್ಲ, ಅಪ್ಪನ ಕೆಮ್ಮು ಎಂದೆ, ನಿನ್ನ ಅಮ್ಮನ ಮದುವೆ ಎಂದೆ, ಸರಕಾರಿ ಕೆಲಸ ಎಂದೆ, ಅದು ನನ್ನನ್ನು ಒಳಗಿಂದ ತಿಂದಿತು. ಪ್ರತಿ ವರ್ಷ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡಿದೆ. ಇನ್ನು 'ಆಂತರಿಕ ಗಲಭೆ' ಎಂಬ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರಲು ಬಾರದಂತೆ 1978ರ 44ನೇ ತಿದ್ದುಪಡಿ ಆ ಜಾಗದಲ್ಲಿ 'ಸಶಸ್ತ್ರ ದಂಗೆ' ಎಂದು ಸೇರಿಸಿತೆಂದು ಕಪ್ಪು ಹಲಗೆಯ ಮೇಲೆ ಬರೆದೆ. ಬರೆಯುವಾಗೆಲ್ಲ ಆ ಜಗಲಿಯ ಕೆಳಗೆ ನಿಂತವನ ನೆನಪಾಗುತ್ತಿತ್ತು. ನೀನು ನಾಲ್ಕೇ ತಿಂಗಳಲ್ಲಿ ಅದನ್ನು ಅದರ ಹೆಸರಿನಿಂದಲೇ ಕರೆದು ಬರೆದೆ. ಈ ಎಪ್ಪತ್ತೆರಡರಲ್ಲಿ ನನಗೆ ಬಂದ ಧೈರ್ಯ ನಿನಗೆ ಇಪ್ಪತ್ತಾರಕ್ಕೆ ಬಂದಿದೆ. 'ಹೀಗೆ ಕುಳಿತುಕೊಳ್ಳುವವನೇ ಇರಬೇಕು' ಎಂದು ನೀನು ಈಗಲೇ ತೀರ್ಮಾನ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ರಾತ್ರಿ ನಿನ್ನ ಬಾಗಿಲು ತಟ್ಟಿದವರು ಆಶ್ರಯ ಬೇಡಿ ಬಂದವರಲ್ಲ. ನನ್ನ ಬಾಗಿಲಿಗೆ ಬಂದವನು ಬೇಡಿಯೇ ಬಂದಿದ್ದ. ಇವೆರಡನ್ನು ನಾನು ಒಂದೇ ತಕ್ಕಡಿಯಲ್ಲಿ ಇಡಲಾರೆ, ನೀನೂ ಇಡಬೇಡ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ, ಆದರೂ ದೊಡ್ಡಮ್ಮನಾಗಿ ಒಂದೆರಡು ಮಾತು. ಪಾಸ್‌ಪೋರ್ಟಿನ, ಅಲ್ಲಿನ ನೋಂದಣಿ ಕಾರ್ಡಿನ ಪ್ರತಿಗಳನ್ನು ಬೇರೆಯಾಗಿ ಇಟ್ಟುಕೋ. ನಮ್ಮ ರಾಯಭಾರ ಕಚೇರಿಯ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲದೆ ಕಾಗದದಲ್ಲಿಯೂ ಬರೆದಿಡು. ಇದೆಲ್ಲ ನಿನಗೆ ಗೊತ್ತಿರುವುದೇ. ಅವರ ಭಾಷೆಯನ್ನು ಇನ್ನಷ್ಟು ಕಲಿ. ಆ ರಾತ್ರಿ ಓಣಿಯಲ್ಲಿ ಜನ ಏನು ಮಾತನಾಡುತ್ತಿದ್ದಾರೆಂದು ತಿಳಿಯದೆ ಇದ್ದದ್ದೇ ಅರ್ಧ ಹೆದರಿಕೆ ಎಂದು ನೀನೇ ಬರೆದಿದ್ದೀಯೆ. ಮನೆಯೊಡತಿಯವರ ಹತ್ತಿರ ಗ್ವಾಂಗ್ಜುವಿನ ಮಾತು ತೆಗೆಯಬಹುದಾದರೆ ತೆಗೆ, ಅವರಿಗೆ ನೋವಾಗುವಂತಿದ್ದರೆ ಬಿಟ್ಟುಬಿಡು. ಮುಂದೆ ಎಂದಾದರೂ ಅಂತಹ ರಾತ್ರಿ ಬಂದು ನೀನು ಫೋನಿನಲ್ಲಿ ನನ್ನನ್ನು ಕೇಳಿದರೆ, 'ಬಾಗಿಲು ಹಾಕಿಕೋ' ಎನ್ನುವ ಮೊದಲು ನಿನ್ನ ಮಾತನ್ನು ಪೂರ್ತಿ ಕೇಳುತ್ತೇನೆ. ಅಷ್ಟನ್ನು ನಾನು ಕೊಡಬಲ್ಲೆ.

ನಿನ್ನ ಗೆಳೆಯ ಮೇ ತಿಂಗಳಲ್ಲಿ ಹಿಂದಿರುಗುವಾಗ ಈ ವರ್ಷದ ಹಲಸಿನ ಹಪ್ಪಳ ಎರಡು ಕಟ್ಟು ಕಳುಹಿಸುತ್ತೇನೆ. ಒಂದು ನಿನಗೆ, ಇನ್ನೊಂದು ನಿನ್ನ ಮನೆಯೊಡತಿಯವರಿಗೆ. ಅವರಿಗೆ ಕೊಡುವ ಕಟ್ಟಿಗೆ ಖಾರ ಹಾಕಿಲ್ಲ.

ಒಂದು ವಿಷಯವನ್ನು ನೀನು ಬರೆಯದೆ ಬಿಟ್ಟಿದ್ದೀಯೆ. ಅವರು ಮೆಟ್ರೋ ಶುರುವಾದ ಮೇಲೆ ಬೆಳಗ್ಗೆ ಹಿಂದಿರುಗಿದರು, ಕೈಗಳು ಚಳಿಗೆ ಮರಗಟ್ಟಿ ಬೀಗದ ಕೈ ಹಿಡಿಯಲೂ ಆಗುತ್ತಿರಲಿಲ್ಲ ಎಂದು ಬರೆದಿದ್ದೀಯೆ. ಹಾಗಿದ್ದರೆ ಕೆಳಗಿನ ಬಾಗಿಲನ್ನು ತೆರೆದವರು ಯಾರು? ಮುಂದಿನ ಪತ್ರದಲ್ಲಿ ತಿಳಿಸು.

ಇತಿ ನಿನ್ನ
ದೊಡ್ಡಮ್ಮ