ಗೆಳೆಯನಿಗೊಂದು ಪತ್ರ: ಕರೆಂಟು ಹೋದಾಗ ಅದೂ ಆರಲಿ

ಪ್ರಿಯ ಗೆಳೆಯಾ,

ಕಾರವಾರದಲ್ಲಿ ನಿಯಾನ್ ಅಕ್ಷರಗಳ ಕಲಾಕೃತಿ ನಿಲ್ಲಿಸುವ ನಿನ್ನ ಯೋಜನೆ ಓದಿ ಖುಷಿಯಾಯಿತು. ಆದರೆ ನೀನು ಆರಿಸಿದ ಜಾಗಕ್ಕೂ ಸಾಲಿಗೂ ನನ್ನ ತಕರಾರಿದೆ.

ಮೊದಲು ಜಾಗ. ಟಾಗೋರ್ ಕಡಲತೀರದಲ್ಲಿ, ಆ ಯುದ್ಧನೌಕೆಯ ಮ್ಯೂಸಿಯಂ ಪಕ್ಕ ಏನು ಹೊಳೆದರೂ ಜನ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಅಕ್ಷರ ತಿರುವುಮುರುವಾಗಿ ಬಂದರೂ ಯಾರಿಗೂ ಬೇಸರವಾಗದು. ಇನ್ನು, ಕಡಲಿಗೆ ಮುಖ ಮಾಡಿದ ಪ್ರಖರ ಬೆಳಕೆಂದರೆ ನಾಡದೋಣಿಯವರಿಗೆ ಮೈಯುರಿ. ಎಲ್‌ಇಡಿ ದೀಪದಿಂದ ಮೀನು ಸೆಳೆದು ಬಾಚುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದರೂ ಅವರ ದೂರು ನಿಂತಿಲ್ಲ. ಇಲ್ಲಿ ಬೆಳಕು ಬಲೆಯೂ ಹೌದು.

ಅಸಲಿ ನಿಯಾನೇ ಬೇಕೆಂಬ ನಿನ್ನ ಹಟ ಮಾತ್ರ ಸರಿ. ಈಗ ಹೋಟೆಲು, ಸಲೂನುಗಳಿಗೆ ನಿಯಾನ್ ಎಂದು ಮಾರುವುದು ಬಹುಮಟ್ಟಿಗೆ ಸಿಲಿಕೋನ್ ಪಟ್ಟಿಯೊಳಗಿನ ಎಲ್‌ಇಡಿ. ಅಸಲಿಗಾದರೆ ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ ಬಾಗಿಸಬೇಕು, ಗಾಳಿ ತೆಗೆದು ಅನಿಲ ತುಂಬಬೇಕು, ಸಾವಿರಾರು ವೋಲ್ಟ್ ಹಾಯಿಸಬೇಕು. ಬರೀ ನಿಯಾನಿನ ಬಣ್ಣ ಕೆಂಪು ಕಿತ್ತಳೆ. ನೀಲಿ ಬೇಕಿದ್ದರೆ ಆರ್ಗಾನ್ ಜೊತೆ ಪಾದರಸ. ಕನ್ನಡದ ದುಂಡು ಅಕ್ಷರ ಗಾಜಿಗೆ ಹೇಳಿ ಮಾಡಿಸಿದಂತಿದೆ. ಕಾಟ ಕೊಡುವುದು ಒತ್ತಕ್ಷರ: ಕೊಳವೆ ತುಂಡಾಗದೆ ಸಾಗಬೇಕಾದ್ದರಿಂದ ನಡುವಿನ ಕೊಂಡಿಗಳಿಗೆಲ್ಲ ಕಪ್ಪು ಬಳಿಯಬೇಕಾಗುತ್ತದೆ.

1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಫ್ರೆಂಚ್ ಎಂಜಿನಿಯರ್ ಜಾರ್ಜ್ ಕ್ಲೋಡ್ ಈ ದೀಪವನ್ನು ಜನರಿಗೆ ತೋರಿಸಿದ. ಆಮೇಲೆ ಅದು ಅಂಗಡಿಯವರ ದನಿಯಾಯಿತು. ಕಲಾವಿದರು ಕದ್ದದ್ದು ಆ ದನಿಯನ್ನೇ. ಮಾರ್ಟಿನ್ ಕ್ರೀಡ್ 1999ರಲ್ಲಿ ಲಂಡನ್ನಿನ ಕ್ಲಾಪ್ಟನ್‌ನಲ್ಲಿ, ಹಳೆಯ ಅನಾಥಾಲಯವೊಂದರ ಉಳಿದ ಮುಖಮಂಟಪದ ಮೇಲೆ, ಎಲ್ಲವೂ ಸರಿಹೋಗುತ್ತದೆ ಎಂಬರ್ಥದ ಇಂಗ್ಲಿಷ್ ಸಾಲು ಬೆಳಗಿಸಿದ. ಸಾಂತ್ವನವೋ ಕುಚೋದ್ಯವೋ, ಓದುವವನಿಗೆ ಬಿಟ್ಟದ್ದು. ಅದೇ ಸಾಲು 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ ಸತ್ತ, ಅಂಕೋಲಾ ಬಳಿಯ ಶಿರೂರಿನ ಹೆದ್ದಾರಿ ಬದಿಯಲ್ಲಿದ್ದರೆ? (ಹಾಕಿಬಿಡಬೇಡ ಮಾರಾಯ, ಸತ್ತವರ ಮನೆಯವರು ಓಡಾಡುವ ದಾರಿ ಅದು.) ಜಾಗ ಬದಲಾದರೆ ಮಾತಿನ ಮೊನೆಯೂ ಬದಲಾಗುತ್ತದೆ ಎಂಬುದಕ್ಕೆ ಹೇಳಿದೆ.

ಆದ್ದರಿಂದಲೇ ನಿನ್ನ 'ಕಡಲು ಉಳಿಸಿ, ಕಾಡು ಉಳಿಸಿ' ನನಗೆ ಹಿಡಿಸಲಿಲ್ಲ. ಅದು ಅರಣ್ಯ ಇಲಾಖೆಯ ಗೋಡೆಬರಹದಂತಿದೆ. ಓದಿ ತಲೆಯಾಡಿಸುತ್ತಾರೆ, ಮುಗಿಯಿತು.

ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೆಳಕಿನಿಂದ ಬರೆಯುವುದಾದರೆ ಬೆಳಕಿನ ಮಾತನ್ನೇ ಬರೆ. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲನೆಯದು ಸತತ 962 ದಿನ ಓಡಿ, 2018ರ ಕೊನೆಯಲ್ಲಿ ನಿಂತಾಗ ವಿಶ್ವದಾಖಲೆ ಅದರ ಹೆಸರಿನಲ್ಲಿತ್ತು. ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಒಂದರ ಹಿಂದೊಂದು ಅಣೆಕಟ್ಟು. ಹಳೆಯ ಸೂಪಾ ಪೇಟೆಯೇ ನೀರಿನಡಿ ಹೋಯಿತು. ಇಷ್ಟೆಲ್ಲ ಕೊಟ್ಟ ಮೇಲೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಘಟ್ಟದ ಹಳ್ಳಿಗಳಿಗೆ ದಿನಗಟ್ಟಲೆ ಕತ್ತಲೆ. 962 ದಿನದ ದಾಖಲೆ ಬರೆದ ಜಿಲ್ಲೆಯಲ್ಲಿ ಮೊಬೈಲ್ ಚಾರ್ಜ್ ಮಾಡಲು ಪೇಟೆಗೆ ಇಳಿದು ಬರುತ್ತಾರೆ. ದೇಶಕ್ಕೆ ವಿದ್ಯುತ್ ಬೇಡವೆಂದು ನಾನು ಹೇಳುವವನಲ್ಲ, ಆದರೆ ಲೆಕ್ಕ ಕಣ್ಣಿಗೆ ಕಾಣಬೇಕು.

ಹಾಗಾಗಿ ಘಟ್ಟದ ಮೇಲಿನ ಜೋಯಿಡಾ ಕಡೆಯ ಒಂದು ಕಿರಾಣಿ ಅಂಗಡಿಯ ಮಾಡಿಗೆ ನಿನ್ನ ಫಲಕ ಕಟ್ಟು. 'ಚಹಾ ಸಿಗುತ್ತದೆ' ಎಂದು ಬರೆಯುವ ಜಾಗದಲ್ಲಿ, ಅದೇ ಧಾಟಿಯಲ್ಲಿ, ಕೆಂಪು ನಿಯಾನಿನಲ್ಲಿ: 'ಬೆಳಕು ಸಿಗುತ್ತದೆ'. ಒಂದೇ ಒಂದು ಒತ್ತಕ್ಷರ, ಗಾಜಿನವನು ಸಹಿಸಿಕೊಂಡಾನು. ವೈರನ್ನು ಅಂಗಡಿಯ ಮೀಟರಿನಿಂದಲೇ ಎಳೆ. ಇನ್ವರ್ಟರ್ ಬೇಡ, ಜನರೇಟರಂತೂ ಬೇಡವೇ ಬೇಡ. ಊರಿಗೆ ಕರೆಂಟು ಹೋದಾಗ ಅದೂ ಆರಲಿ. ಉದ್ಘಾಟನೆಯ ದಿನವೇ ಆರಿದರೆ ನಿನ್ನ ಅದೃಷ್ಟ. ಭಾಷಣ ಮಾಡುವವರು ಸಿಟ್ಟಾಗಲಿ ಬಿಡು.

ದೀಪಾವಳಿ ಕಳೆದ ಮೇಲೆ ಬಂದು ಜಾಗ ನೋಡು, ಕೆಲಸ ಮಾತ್ರ ಮುಂದಿನ ಮಳೆಗೆ ಮೊದಲು ಮುಗಿಯಬೇಕು. ಅಂಗಡಿಯವರನ್ನು ಒಪ್ಪಿಸುವುದು ನನ್ನ ಹೊಣೆ. ಕರೆಂಟ್ ಬಿಲ್ ಮಾತ್ರ ನೀನೇ ಕಟ್ಟಬೇಕು, ಅದನ್ನು ಈಗಲೇ ಬರೆದು ಕಳಿಸು.

ನಿನ್ನವ,
ಕಾರವಾರದಿಂದ