ಸಂಪಂಗಿ ಅಂದ್ರೆ ಬರೀ ಕೆರೆ ಅಲ್ಲ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರೇ,

ನಮಸ್ಕಾರ. ಹೋದ ತಿಂಗಳು ನಮ್ಮ ಬೀದಿಯ ಹುಡುಗರಿಗೆ ಸುಮ್ನೆ ಒಂದು ಕ್ವಿಜ್ ಮಾಡಿದೆ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯಲ್ಲಿ ಮೂರನೇ ಸ್ಥಾನಕ್ಕೆಂದು ಇಟ್ಟ ಸಂಪಂಗಿ ಕಪ್‌ಗೆ ಆ ಹೆಸರು ಹೇಗೆ ಬಂತು ಅಂತ ಕೇಳಿದೆ. ಒಬ್ಬ ಥಟ್ಟನೆ ಎದ್ದು ನಿಂತ. "ಸಂಪಂಗಿ ಕೆರೆ ಅಂಕಲ್! ಕಂಠೀರವ ಸ್ಟೇಡಿಯಂ ಕಟ್ಟಿದ್ದಾರಲ್ಲ, ಆ ಜಾಗ!"

ಅರ್ಧ ಮಾರ್ಕ್ಸ್ ಕೊಟ್ಟೆ. ಅಲ್ಲಿ ಕೆರೆ ಇತ್ತು ಅಂತಾದರೂ ಗೊತ್ತಲ್ಲ! ಆದರೆ ಈ ಸಂಪಂಗಿ ಕೆರೆಯಲ್ಲ, ಮೈಸೂರು ರಾಜ್ಯದ ಹೆಸರಾಂತ ಫುಟ್‌ಬಾಲ್ ಆಟಗಾರ. ಅವರ ನೆನಪಿಗಾಗಿ ಮೈಸೂರು ಫುಟ್‌ಬಾಲ್ ಸಂಸ್ಥೆ ಆ ಕಪ್ ಕೊಟ್ಟಿತು.

ಈಗ ವಿಷಯಕ್ಕೆ ಬರುತ್ತೇನೆ: ನಮ್ಮ ಹಳೆಯ ಫುಟ್‌ಬಾಲ್ ಆಟಗಾರರ ಹೆಸರು, ಫೋಟೋ ಉಳಿಸಿ ಅಂತ ಕೇಳೋಕೆ ಈ ಪತ್ರ. ಸಂತೋಷ್ ಟ್ರೋಫಿ ಶುರುವಾಗಿದ್ದು 1941ರಲ್ಲಿ. ಮೊದಲ ವರ್ಷ ಬಂಗಾಳ ಗೆದ್ದಿತು. ಆಮೇಲೆ ಎರಡು ವರ್ಷ ಟೂರ್ನಿಯೇ ನಡೆಯಲಿಲ್ಲ. 1944ರಲ್ಲಿ ದೆಹಲಿ, ಮರುವರ್ಷ ಮತ್ತೆ ಬಂಗಾಳ. ನಾಲ್ಕನೇ ಟೂರ್ನಿ 1946ರದ್ದು. ಆಗ ಗೆದ್ದಿದ್ದು ನಮ್ಮ ಮೈಸೂರು ತಂಡ, ಅದೂ ಬಂಗಾಳವನ್ನೇ ಸೋಲಿಸಿ. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆಮೇಲೆ 1952-53, 1967-68, 1968-69ರ ಸೀಸನ್‌ಗಳಲ್ಲೂ ಮೈಸೂರು ಗೆದ್ದಿತು. ನಾಲ್ಕೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂಗಾಳ. ಮೂವತ್ತಕ್ಕೂ ಜಾಸ್ತಿ ಸಲ ಈ ಟ್ರೋಫಿ ಎತ್ತಿದ ತಂಡ ಅದು. ಇದನ್ನು ಹೇಳಿಕೊಳ್ಳೋಕೆ ನಮಗ್ಯಾಕೆ ಸಂಕೋಚ?

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಲ್ಲಿ ಸೋಲಿಸಿದರು. ಎಲ್ಲರೂ "54 ವರ್ಷಗಳ ನಂತರ" ಅಂದರು. 54 ವರ್ಷದ ಹಿಂದೆ ಗೆದ್ದವರು ಯಾರಪ್ಪಾ ಅಂತ ಮಾತ್ರ ನಮ್ಮ ಟೀ ಅಂಗಡಿಯಲ್ಲಿ ಒಬ್ಬರೂ ಕೇಳಲಿಲ್ಲ.

ನಮ್ಮ ತಾತ ಹಲಸೂರಿನವರು. ಅವರ ತಗಡಿನ ಟ್ರಂಕಿನಲ್ಲಿ ಗಲ್ಲಿ ತಂಡದ ಒಂದು ಫೋಟೋ ಇತ್ತು. ಈಗ ನನ್ನ ಹತ್ತಿರ ಇದೆ. ಮುಂದಿನ ಸಾಲಿನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅರ್ಧ ಜನರಿಗೆ ಬೂಟಿಲ್ಲ, ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದಾರೆ. ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳಲ್ಲಿ ನಾಲ್ಕು ಅಳಿಸಿಹೋಗಿವೆ. ತಾತ ಮುಖ ನೋಡಿ ಗುರುತು ಹೇಳುತ್ತಿರಲಿಲ್ಲ, ಕಾಲು ತೋರಿಸುತ್ತಿದ್ದರು. "ಇವನ ಎಡಗಾಲು ನೋಡು. ಚೆಂಡು ಅಂಟಿಕೊಂಡೇ ಇರೋದು."

ಅಂಥ ಗಲ್ಲಿಗಳಿಂದ ಹೋದವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್, ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಲ್ಲಿ ಸೋತೆವು, ಈಗಲೂ ಹೊಟ್ಟೆ ಉರಿಯುತ್ತೆ. ಅದೇ ತಂಡದ ಅಹ್ಮದ್ ಖಾನ್, ಧನರಾಜ್ ಕೂಡ ಬೆಂಗಳೂರಿನವರೇ. ಮುಂದೆ ಇಬ್ಬರೂ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವ'ರು ಅನ್ನಿಸಿಕೊಂಡ ಐವರು ಫಾರ್ವರ್ಡ್ ಆಟಗಾರರಲ್ಲಿ ಸೇರಿದರು. ನಮ್ಮ ಮಕ್ಕಳಿಗೆ ಹೆಸರಿಟ್ಟು ಮೆರೆಸಿದ್ದು ಕೋಲ್ಕತ್ತಾ!

ಆ ಫೋಟೋ ಹಿಡಿದು ಒಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ ಅಂದೆ. ಅಲ್ಲಿದ್ದವರು ಅದನ್ನು ಉಲ್ಟಾ ಹಿಡಿದು ನೋಡಿ, "ಕ್ರಿಕೆಟ್ ಆಗಿದ್ರೆ ನೋಡಬಹುದಿತ್ತು" ಅಂದರು. ಚಹಾ ಮಾತ್ರ ಕೊಟ್ಟರು.

ಸಚಿವರೇ, ನಾನು ಕೋಟಿಗಟ್ಟಲೆ ಕೇಳುತ್ತಿಲ್ಲ. ಒಂದು ಸ್ಕ್ಯಾನರ್, ಇಬ್ಬರು ಹುಡುಗರು, ನಾಲ್ಕು ಭಾನುವಾರ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಮನೆಮನೆಗೆ ಹೋದರೆ ಟ್ರಂಕುಗಳು ಇನ್ನೂ ಸಿಗುತ್ತವೆ. ಮಳೆಗಾಲದ ತೇವಕ್ಕೆ ಫೋಟೋಗಳು ಒಂದಕ್ಕೊಂದು ಅಂಟಿಕೊಳ್ಳುವ ಮೊದಲು ಹೋಗಬೇಕು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಒಂದು ಗೋಡೆ ಕೊಡಿಸಿ. ಮೊದಲ ಸಾಲಿನಲ್ಲಿ 1946ರ ತಂಡದ ಅಷ್ಟೂ ಜನರ ಹೆಸರು, ದಪ್ಪ ಕನ್ನಡ ಅಕ್ಷರದಲ್ಲಿ. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಇರಲಿ, ನನಗೂ ಇಷ್ಟವೇ. ಪಕ್ಕದಲ್ಲಿ ನಮ್ಮವರ ಹೆಸರು ಕೆತ್ತಿದ ಒಂದು ಕಲ್ಲೂ ನಿಲ್ಲಲಿ.

ನನ್ನ ಫೋಟೋ ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನ ಮೇಲಿದೆ. ಯಾವ ಭಾನುವಾರ ತರಲಿ ಅಂತ ನಿಮ್ಮ ಕಡೆಯವರು ಹೇಳಿದರೆ ಸಾಕು.

ಇಂತಿ,
ಹಲಸೂರಿನ ಒಬ್ಬ ಫುಟ್‌ಬಾಲ್ ಹುಚ್ಚ